ಅತ್ತೆಯ ಮೂರು ಬಸಿರು

ಅರವತ್ತು ದಾಟಿದ ಅತ್ತೆ ಒಂದೇ ಬೆಳಿಗ್ಗೆ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮೂರು ಸಲ ಬಸಿರಾದರು. ಒಂದು ಆ್ಯಪ್‌ನಲ್ಲಿ ಪುಟ್ಟಿ, ಇನ್ನೊಂದರಲ್ಲಿ ಚಿನ್ನು, ಮತ್ತೊಂದರಲ್ಲಿ ಗುಬ್ಬಿ. ಮೂರೂ ಚಿಕ್ಕಂದಿನಲ್ಲಿ ಮನೆಯವರು ಅವರನ್ನು ಕರೆಯುತ್ತಿದ್ದ ಹೆಸರುಗಳೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿಜವಾಗಿ ಬಸಿರಾಗಿದ್ದವಳು ಸೊಸೆ. ಇದು ಎರಡನೆಯದು. ಮೊದಲನೆಯದು ಐದನೇ ತಿಂಗಳಲ್ಲಿ ಕೈತಪ್ಪಿತ್ತು. ಅವಳು ಆಸ್ಪತ್ರೆಯಿಂದ ಬರಿಗೈಲಿ ಮನೆಗೆ ಬಂದ ಮೇಲೂ ಅವಳ ಫೋನಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಬಸಿರಿನ ಲೆಕ್ಕವಿಡಲು ಹಾಕಿಕೊಂಡಿದ್ದ ಆ್ಯಪ್ ವಾರವಾರವೂ ‘ನಿಮ್ಮ ಮಗು ಈಗ ಇಷ್ಟು ಬೆಳೆದಿದೆ’ ಎನ್ನುತ್ತಿತ್ತು. ಅದನ್ನು ಕಿತ್ತು ಹಾಕಿದರೆ ತೊಟ್ಟಿಲು ಮಾರುವವರು ಫೋನ್ ಮಾಡಿದರು, ಹಾಲುಪುಡಿಯವರು ಮಾಡಿದರು. ಹೆರಿಗೆಯಾಗಬೇಕಿದ್ದ ದಿನ ಯಾರೋ ಅಭಿನಂದನೆ ಕಳಿಸಿದರು. ಆವತ್ತು ಅವಳು ಫೋನನ್ನು ಬೀರುವಿನ ಬಟ್ಟೆಗಳ ಅಡಿಯಲ್ಲಿ ಹುಗಿದು ಮುಸುಕೆಳೆದು ಮಲಗಿಬಿಟ್ಟಿದ್ದಳು.

ಈ ಸಲ ರಕ್ತದೊತ್ತಡ ಬೇರೆ ತಂಟೆ ತೆಗೆದಿತ್ತು. ಬಿಪಿ, ತೂಕ ದಿನಾ ಆ್ಯಪ್‌ನಲ್ಲಿ ಹಾಕಿ, ನಾನು ಇಲ್ಲಿಂದಲೇ ಕಣ್ಣಿಟ್ಟಿರುತ್ತೇನೆ ಎಂದಿದ್ದ ಡಾಕ್ಟರು ಮೂರು ಕಂಪನಿಗಳ ಹೆಸರು ಹೇಳಿ, ಯಾವುದಾದರೂ ಸರಿ ಅಂದಿದ್ದರು. ಸೊಸೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ಬೇಡ ಅತ್ತೆ. ಇನ್ನೊಂದು ಸಲ ಅವರಿಗೆ ಏನೂ ಹೇಳಲ್ಲ ನಾನು.”

“ಹೇಳಬೇಡ. ಅವರಲ್ಲಿ ಬಾಯಿ ಬಿಗಿ ಇರೋರು ಯಾರು ಅಂತ ಮೊದಲು ನೋಡೋಣ. ಅಲ್ಲೀವರೆಗೂ ನಾವೇ ಆಸ್ಪತ್ರೆಗೆ ಎಡತಾಕಿದ್ರಾಯ್ತು.”

ಅತ್ತೆ ಹುಡುಗಿಯರ ಹಾಸ್ಟೆಲ್‌ನಲ್ಲಿ ವಾರ್ಡನ್ ಆಗಿ ಕೂದಲು ನರೆಸಿಕೊಂಡವರು. ಹೊಸದಾಗಿ ಕೆಲಸಕ್ಕೆ ಬಂದ ಒಬ್ಬೊಬ್ಬರ ಕಿವಿಗೂ ತಮ್ಮ ಬಗ್ಗೆಯೇ ಒಂದೊಂದು ಬೇರೆ ಸುಳ್ಳು ಹಾಕುವುದು ಅವರ ಪದ್ಧತಿ. ವಾಚ್‌ಮನ್‌ಗೆ ತಮ್ಮದು ಕಟ್ಟಿಸಿಕೊಂಡ ಹಲ್ಲು ಎಂದು, ಅಡುಗೆಯವಳಿಗೆ ತಾವು ಕದ್ದುಮುಚ್ಚಿ ಸಂಗೀತ ಕಲಿಯುತ್ತಿರುವುದಾಗಿ. ಯಾವ ಸುಳ್ಳು ಊರೆಲ್ಲ ಸುತ್ತಿ ತಮ್ಮ ಹತ್ತಿರವೇ ವಾಪಸು ಬರುತ್ತದೋ, ಅದನ್ನು ಮೊದಲು ಕೇಳಿಸಿಕೊಂಡವರಿಗೆ ಹುಡುಗಿಯರ ಕೋಣೆಗಳ ಬೀಗದ ಕೈ ಸಿಗುತ್ತಿರಲಿಲ್ಲ. ಎಂಥ ತಲೆ ಆ ಹೆಂಗಸಿನದು!

ವಾರ ಕಳೆಯುವಷ್ಟರಲ್ಲಿ ಅತ್ತೆಯ ಫೋನು ಹೊಡೆದುಕೊಂಡಿತು. ಅತ್ತೆ ಸ್ಪೀಕರ್ ಹಾಕಿದರು.

“ಪುಟ್ಟಿ ಮೇಡಂ ಇದಾರಾ? ತೊಟ್ಟಿಲಿನ ಅಂಗಡಿಯಿಂದ ಮಾತಾಡ್ತಿರೋದು. ಮೊದಲನೇ ಮಗುನಾ ಮೇಡಂ?”

“ಇಲ್ಲಪ್ಪ, ಮೊದಲನೆಯವನಿಗೆ ಆಗಲೇ ತಲೆ ಬೋಳಾಗ್ತಿದೆ. ನಿಮಗೆ ನನ್ನ ನಂಬರು ಕೊಟ್ಟೋರು ಯಾರು?”

ಆ ಕಡೆಯವರು ಫೋನಿಟ್ಟರು. ಮೊದಲನೆಯವನು, ಅಂದರೆ ಸೊಸೆಯ ಗಂಡ, ಪೇಪರಿನ ಹಿಂದೆ ಮೆಲ್ಲಗೆ ತಲೆ ಸವರಿಕೊಂಡ. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆ ಅವಳ ನಗು ಕೇಳಿ ಬಹಳ ದಿನವಾಗಿತ್ತು. ಪುಟ್ಟಿಯ ಕಂಪನಿಗೆ ಅಲ್ಲಿಗೆ ಗೇಟ್‌ಪಾಸ್ ಸಿಕ್ಕಿತು.

ಚಿನ್ನು, ಗುಬ್ಬಿ ಹೆಸರು ಹಿಡಿದು ಯಾರೂ ಕರೆಯಲಿಲ್ಲ.

“ಹಾಗಾದ್ರೆ ಎರಡೂ ಒಳ್ಳೇವೇ ಅಲ್ವಾ ಅತ್ತೆ?”

“ಇನ್ನೊಂದು ನೋಡೋದಿದೆ,” ಎಂದು ಅತ್ತೆ ಮಾತು ತೇಲಿಸಿಬಿಟ್ಟರು.

ಅದೇನೆಂದು ತಿಳಿದದ್ದು ಒಂದು ಮಧ್ಯಾಹ್ನ, ಒಣಗಿದ ಬಟ್ಟೆ ಕೊಡಲು ಸೊಸೆ ಅವರ ಕೋಣೆಗೆ ಹೋದಾಗ. ಅತ್ತೆ ಮಂಚದ ತುದಿಯಲ್ಲಿ ಕೂತಿದ್ದರು. ಕನ್ನಡಕ ತೆಗೆದಿಟ್ಟಿದ್ದರು, ಕೆನ್ನೆ ಒದ್ದೆಯಾಗಿತ್ತು. ಮಡಿಲಲ್ಲಿದ್ದ ಫೋನಿನ ತೆರೆಯ ಮೇಲೆ, ಒತ್ತಲು ಕಾದಿದ್ದ ಒಂದು ಸಾಲು: ‘ಮಗು ಉಳಿಯಲಿಲ್ಲ’.

“ಗುಬ್ಬಿದು ಒತ್ತಿದೆ, ಎಲ್ಲಾ ಅಳಿಸಿ ಅಂತಾನೂ ಬರೆದೆ. ಚಿನ್ನುದು ಒತ್ತೋಕೆ ಕೈ ಬರ್ತಿಲ್ಲ ಕಣೇ. ಬರೀ ಸುಳ್ಳು ಅಂತ ಗೊತ್ತು. ಆದ್ರೂ ನೋಡು.”

ಸೊಸೆ ಆ ಸಾಲು ಓದಿದಳು. ತಾನು ಒಂದು ಸಲ ನಡೆದು ಬಂದ ದಾರಿಯನ್ನು ಈ ಹೆಂಗಸು ತನಗಾಗಿ, ಬೇಕೆಂದೇ, ಒಬ್ಬಳೇ ತುಳಿಯುತ್ತಿದ್ದಳು. ಇಂಥವರನ್ನು ಅವಳು ಕಂಡಿರಲಿಲ್ಲ, ಕೇಳಿರಲಿಲ್ಲ. ಬಟ್ಟೆ ಬದಿಗಿಟ್ಟು, ಪಕ್ಕದಲ್ಲಿ ಕೂತು, ಅತ್ತೆಯ ಬೆರಳಿನ ಮೇಲೆ ತನ್ನ ಬೆರಳಿಟ್ಟು ಆ ಸಾಲನ್ನು ಒತ್ತಿದಳು.

ಎಲ್ಲಾ ಅಳಿಸಿ ಎಂದರೆ ಚಿನ್ನುವಿನ ಕಂಪನಿ, ವಿವರಗಳು ಇಲ್ಲೇ ಇರಲಿ, ಮುಂದಿನ ಸಲಕ್ಕೆ ಬೇಕಾಗಬಹುದು ಎಂದು ಪುಸಲಾಯಿಸಿತು. ಮುಂದಿನ ವಾರ ಹಳೇ ರಾಗವನ್ನೇ ತೆಗೆಯಿತು: ‘ನಿಮ್ಮ ಮಗು ಈಗ ಇಷ್ಟು ಬೆಳೆದಿದೆ’. ಗುಬ್ಬಿಯ ಕಂಪನಿಯಿಂದ ಬಂದದ್ದು ಒಂದೇ ಕಾಗದ. ನಿಮ್ಮದೆಲ್ಲವನ್ನೂ ಅಳಿಸಿದ್ದೇವೆ, ನಿಮಗೆ ಹೀಗಾದದ್ದಕ್ಕೆ ನಮಗೂ ದುಃಖವಿದೆ, ಇನ್ನು ನಿಮಗೆ ಬರೆಯುವುದಿಲ್ಲ ಎಂದು ಅದರಲ್ಲಿತ್ತು. ಹೇಳಿದಂತೆ ಮತ್ತೆ ಬರೆಯಲೂ ಇಲ್ಲ. ಅತ್ತೆ ಒಳಗೆ ಹೋಗಿ ಹುಡುಕಿದರೆ, ಗುಬ್ಬಿ ಎಂಬುವವರು ಯಾರೂ ಇಲ್ಲಿಲ್ಲ ಎಂದಿತು ಆ್ಯಪ್.

“ಇವರು ಪರವಾಗಿಲ್ಲ,” ಎಂದರು ಅತ್ತೆ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.

ಸೊಸೆ ಆ ಆ್ಯಪ್ ತನ್ನ ಫೋನಿಗೆ ಹಾಕಿಕೊಂಡಳು. ತನ್ನ ನಿಜವಾದ ಹೆಸರು ಕೊಟ್ಟಳು, ನಿಜವಾದ ತಿಂಗಳು ಕೊಟ್ಟಳು. ಡಾಕ್ಟರನ್ನು ಬಿಟ್ಟು ಇನ್ಯಾರು ಇದನ್ನೆಲ್ಲ ನೋಡಬಹುದು ಎಂದು ಅದು ಕೇಳಿತು. ಪಕ್ಕದಲ್ಲಿ ಕೂತಿದ್ದ ಗಂಡ ಗಂಟಲು ಸರಿಮಾಡಿಕೊಂಡ.

ಅವಳು ಯೋಚಿಸಲೂ ಇಲ್ಲ. ‘ಗುಬ್ಬಿ’ ಎಂದು ಬರೆದಳು.