ಹುಟ್ಟಿಗಾಗಿ ಕೇಳಿದ ಕೌಲು

ಯಾರೋ ಬೆನ್ನ ಹಿಂದೆ ಶೇಂಗಾ ಸುಲಿಯುತ್ತಿದ್ದಾರೆ, ಚಟ್, ಚಟ್, ಹೊಳೆಯ ಇಷ್ಟು ಸದ್ದಿನಲ್ಲಿ ಅದೊಂದೇ ಕಿವಿಗೆ ಬೀಳಬೇಕೇ, ತಿನ್ನಲಿ ಬಿಡು, ನೋಡಲು ಬಂದವರ ಬಾಯಿಗೆ ಏನಾದರೂ ಬೇಕು, ನನ್ನ ಬಾಯಿ ಮಾತ್ರ ಒಣಗಿದೆ, ಈಗ ಇಳಿದಿರುವ ಹುಡುಗಿ ಮುಗಿಸಿದರೆ ಮುಂದಿನ ಸರದಿ ನನ್ನದು, ಬಾಂದಾರದ ಒಡ್ಡಿನ ಕೆಳಗೆ ದೂಧಗಂಗೆ ನೊರೆ ಕಾರುತ್ತಾ ಓಡುತ್ತಿದೆ, ಅದರ ಮೇಲೆ ತಂತಿಗೆ ಇಳಿಬಿಟ್ಟ ಹಸಿರು ಕೋಲುಗಳು, ಕೆಂಪು ಕೋಲುಗಳು, ಅವುಗಳ ನಡುವೆ ತಾಗದಂತೆ ಕ್ಯಾನೋ ನುಗ್ಗಿಸಿ ಎಲ್ಲರಿಗಿಂತ ಬೇಗ ಕೆಳಗೆ ಮುಟ್ಟಿದವಳಿಗೆ ರಾಜ್ಯದ ತಂಡದಲ್ಲಿ ಜಾಗ, ಇರುವುದೇ ಒಂದು ಜಾಗ, ಮತ್ತು ಕೋಮಲ ಎಂಬ ಮಹಾರಾಯ್ತಿ, ಅಂದರೆ ನಾನು, ಇನ್ನೂ ದೋಣಿಯ ಹುಟ್ಟು ಆರಿಸಿಲ್ಲ. ಮರಳ ಮೇಲೆ ಎರಡೂ ಬಿದ್ದಿವೆ, ಅಪ್ಪ ಮಾಡಿಸಿಕೊಟ್ಟ ಸಾಗವಾನಿಯದು ಒಂದು, ಕಲಿಸುವ ಅಣ್ಣಾಸಾಬ ಸರ್ ಕೊಟ್ಟ ಕರಿ ಫೈಬರಿನದು ಇನ್ನೊಂದು, ಅಪ್ಪ ಒಂದು ಕಡೆ ನಿಂತಿದ್ದಾನೆ, ಸರ್ ಇನ್ನೊಂದು ಕಡೆ, ಇಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ.

ನೋಡಲಿ. ಬೆಳಗ್ಗೆ ನನಗೊಂದು ಮಾತು ಹೇಳದೆ ಅಪ್ಪ ಬೀರದೇವರ ಗುಡಿಗೆ ಹೋಗಿ ಕೌಲು, ದೇವರ ಅಪ್ಪಣೆ, ಕೇಳಿದನಲ್ಲ, ಎಮ್ಮೆ ಕೊಳ್ಳುವುದಿದ್ದರೂ ಕೌಲು, ಬೋರು ಕೊರೆಸುವುದಿದ್ದರೂ ಕೌಲು, ಈಗ ಮಗಳ ಹುಟ್ಟಿಗೂ ಕೌಲು, ದೇವರ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸಿ ಕೈಮುಗಿದು ಕೂತನಂತೆ, ಬಲದ್ದು ಬಿದ್ದರೆ ಕಟ್ಟಿಗೆ, ಎಡದ್ದು ಬಿದ್ದರೆ ಫೈಬರ್, ಬಲದ್ದು ಬಿತ್ತಂತೆ, ಓಡುತ್ತಲೇ ಮನೆಗೆ ಬಂದ, ದೇವ್ರು ಬಲಕ ಕೊಟ್ಟಾನವಾ, ಮುಗೀತು, ಇನ್ನ ವಿಚಾರ ಮಾಡಬ್ಯಾಡ — ಅಪ್ಪಾ, ಗುಡ್ಯಾಗ ಹೊಸಾ ಫ್ಯಾನ ಹಾಕ್ಯಾರಲ್ಲ, ಚಾಲೂ ಇತ್ತೇನ? ಇತ್ತು, ಅದಕ್ಕೇನೀಗ? ಹಂಗಾರ ಹೇಳಿದ್ದು ದೇವ್ರೋ ಫ್ಯಾನೋ? ಬಾಯಿ ಮುಚ್ಚ, ಎಲಬಿಲ್ಲದ ನಾಲಿಗಿ ನಿಂದು! ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸರ್‌ಗೆ ಗೊತ್ತಾದಾಗ ಅವರೂ ನಕ್ಕರು, ಕೌಲಗೀಲು ಬಾಜೂಕ ಇಡ ಕೋಮಲ, ಕಟ್ಟಿಗಿ ಕಲ್ಲಿಗೆ ಬಡದ್ರ ಸೀಳತೈತಿ, ಫೈಬರ್ ಹಿಡಿ, ನಾ ಹೇಳಿದ್ದ ಫೈನಲ್. ಇದೂ ದೇವರ ಮಾತೇ, ಎಸಳು ಬೀಳುವ ತನಕ ಕಾಯುವ ತಾಳ್ಮೆ ಮಾತ್ರ ಇಲ್ಲ. ನನ್ನನ್ನು ಯಾರು ಕೇಳಿದರು? ಕೇಳಿದ್ದರೆ ಹೇಳುತ್ತಿದ್ದೆ, ನನಗೆ ಕಟ್ಟಿಗೆಯದೇ ಜೀವ ಅಂತ, ನೀರು ಎಳೆದಾಗ ಅದು ಒಂದಿಷ್ಟು ಬಾಗುತ್ತದೆ, ಹಿಂದೊಮ್ಮೆ ಉಳುಕಿದ ನನ್ನ ಭುಜಕ್ಕೆ ನೋವಾಗದ ಹಾಗೆ, ಬೆಳಗಿನ ಚಳಿಯಲ್ಲೂ ಕೈಗೆ ಬೆಚ್ಚಗಿರುತ್ತದೆ, ಫೈಬರಿನದು ಹಗುರ, ಗಟ್ಟಿ, ಆದರೆ ಬಾಗುವುದೇ ಇಲ್ಲ, ಪ್ರತಿ ಏಟನ್ನೂ ನೇರ ಭುಜಕ್ಕೆ ತಂದು ಹಾಕುತ್ತದೆ, ಇದೆಲ್ಲ ಗೊತ್ತಿರುವುದು ಯಾರಿಗೆ, ದೇವರಿಗೋ, ಸರ್‌ಗೋ, ನನ್ನ ರಟ್ಟೆಗೋ? ಹೋಗಲಿ, ಕಟ್ಟಿಗೆ ಹಿಡಿದು ಗೆದ್ದೆ ಅಂತಿಟ್ಟುಕೋ, ಊರೆಲ್ಲ ಏನನ್ನುತ್ತದೆ, ಬೀರದೇವರು ಗೆಲ್ಲಿಸಿದ, ಫೈಬರ್ ಹಿಡಿದು ಗೆದ್ದರೆ ಅಣ್ಣಾಸಾಬ ಸರ್ ಗೆಲ್ಲಿಸಿದರು, ಸೋತರೆ ಮಾತ್ರ ಕೋಮಲ ಸೋತಳು! ಥೂ, ಎಂಥ ನ್ಯಾಯ ಇದು. ಅಪ್ಪನ ಮೇಲಿನ ಸಿಟ್ಟಿಗೆ ಫೈಬರ್ ಎತ್ತಿಕೊಂಡುಬಿಡಲೇ — ಬೇಡ, ಹಟಕ್ಕೆ ಹಿಡಿದರೆ ಅದೂ ಅವನೇ ಹಿಡಿಸಿದ ಹಾಗೆ. ಅವ್ವ ಹೊಸ್ತಿಲಲ್ಲಿ ನಿಂತು ಹೇಳಿದ್ದಳು, ನಿನ್ನ ರಟ್ಟಿ ನಿನಗ ಗೊತ್ತ, ನಮಗೇನ ಗೊತ್ತೈತಿ, ಹೋಗಿ ಮೊದಲ ನೀರ ನೋಡ.

ನೀರು ನೋಡುತ್ತೇನೆ. ಇಳಿದಿದೆ. ಬೆಳಗ್ಗೆ ಅಭ್ಯಾಸಕ್ಕೆ ಇಳಿದಾಗ ಇಷ್ಟು ಇಳಿದಿರಲಿಲ್ಲ, ಮೇಲೆ ಎಲ್ಲೋ ನೀರು ತಡೆದಿರಬೇಕು, ಕೊನೆಯ ಕೆಂಪು ಕೋಲುಗಳ ಪಕ್ಕ ಒಂದು ಕಲ್ಲು ಎದ್ದಿದೆ, ಕರಿ ಕಲ್ಲು, ಮುಳುಗಿ ಕೂತ ಎಮ್ಮೆ ಬೆನ್ನು ತೋರಿಸಿದ ಹಾಗೆ, ಅಲ್ಲೇ ದೋಣಿ ತಿರುಗಿಸಿ ಸೆಳವಿಗೆ ಎದುರಾಗಿ ಹತ್ತಬೇಕು, ಕಲ್ಲಿನ ಹಂತೇಕ ಹೋಗಬ್ಯಾಡ, ದೂರ ಸುತ್ತು ಹಾಕಿ ಬಾ, ಕಲ್ಲು ಇನ್ನೂ ಮುಳುಗಿದ್ದಾಗಲೇ, ನಿನ್ನೆಯಿಂದ, ಸರ್ ಇದನ್ನೇ ಹೇಳುತ್ತಿದ್ದಾರೆ, ಸುತ್ತು ಹಾಕಿದರೆ ವೇಳೆ ಹೋಯಿತು, ವೇಳೆ ಹೋದರೆ ಜಾಗ ಹೋಯಿತು, ಈಗ ಇಳಿದಿರುವ ಹುಡುಗಿಯೂ ಸುತ್ತಿಯೇ ಹೋದಳು ನೋಡು, ಸೆಳವು ಅವಳನ್ನು ಎಲ್ಲಿಗೋ ಒಯ್ದು ಬಿಟ್ಟಿತು. ಕಲ್ಲಿಗೇ ಹುಟ್ಟು ಊರಿ ಒದ್ದರೆ? ದೋಣಿ ನಿಂತ ಜಾಗದಲ್ಲೇ ತಿರುಗುತ್ತದೆ. ಸಾಗವಾನಿ ಸೀಳುತ್ತದೆ, ಫೈಬರ್ ತಾಳುತ್ತದೆ, ಭುಜಕ್ಕೆ ನೋವಾಗುತ್ತದೆ, ಆಗಲಿ, ನನ್ನ ಭುಜ. ಎತ್ತಿಕೊಂಡೆ, ಫೈಬರಿನದು. ಸರ್ ಮುಖ ಅರಳಿತು, ಶಾಬ್ಬಾಸ್, ನನ್ನ ಮಾತ ಕೇಳಿದಿ ನೋಡ — ಇಲ್ರಿ ಸರ್, ಕಲ್ಲಿಗೆ ಹುಟ್ಟ ಊರಿ ದೋಣಿ ಹೊಳ್ಳಸಾಕಿ ನಾ. ಹುಚ್ಚಿ ಏನ್ ನೀ! ಅಪ್ಪ ನೀರಿನ ತನಕ ಬಂದ, ಪಾದ ತೋಯ್ದವು, ಸಾಗವಾನಿ ಹುಟ್ಟು ಎರಡೂ ಕೈಯಲ್ಲಿ ಕೂಸಿನ ಹಾಗೆ, ದೇವ್ರ ಮಾತ ಮೀರಾಕತ್ತಿ ಕೋಮಲಾ. ಮೀರಾಕತ್ತೀನಿ ಅಪ್ಪಾ, ದೇವ್ರ ಸಿಟ್ಟ ನನ್ನ ಮ್ಯಾಲ ಇರ್ಲಿ, ಸೋತ್ರ ನನ್ನ ಹೆಸರ ಹೇಳ, ಗೆದ್ರೂ ನನ್ನ ಹೆಸರ ಹೇಳ, ಮತ್ತ್ಯಾರದೂ ಹೇಳಬ್ಯಾಡ. ಅವನು ಸಾಗವಾನಿಯನ್ನು ಎದೆಗೆ ಒತ್ತಿಕೊಂಡ, ನನಗೆ ಅಳು ಬಂತು, ಬರಲಿ, ಮಂಡಿಯೂರಿ ಕೂತೆ, ಸೀಟಿ, ಹೋದೆ — ಮೊದಲ ಹಸಿರು ಹೋಯಿತು, ನೊರೆ ಕಣ್ಣಿಗೆ ಬಡಿಯಿತು, ಇನ್ನೊಂದು ಹಸಿರು, ಭುಜ ಆಗಲೇ ಉರಿಯುತ್ತಿದೆ, ಉರಿ ಮಗನೇ ಉರಿ, ದಂಡೆಯ ಮೇಲೆ ಯಾರೋ ಕೂಗುತ್ತಾರೆ, ದೂರ ಹೋಗ ಕೋಮಲಾ, ದೂರ, ನಾನು ಹೋಗುವುದಿಲ್ಲ, ಕೆಂಪು ಕೋಲು ಬಂತು, ಕಲ್ಲು ಬಂತು, ಅದರ ಕರಿ ಬೆನ್ನು, ಬೆನ್ನ ಮೇಲೆ ಹರಿದು ಸೀಳುವ ನೀರು, ಇಷ್ಟು ಹತ್ತಿರ, ಹುಟ್ಟು ಎತ್ತಿದೆ, ಕಲ್ಲು, ನಾನೇ ಆರಿಸಿದ್ದು, ಕಲ್ಲು —