ಇಲ್ಲದ್ದರ ಹಲಗೆ

ದೊನಾತಾ ಒಲೆಗೆ ಪುಳ್ಳೆ ಜೋಡಿಸಿ ಕಡ್ಡಿ ಗೀರಿದ್ದೇ ತಡ, ಸೋದರಮಾವ ಕಾನ್ಯೊ ಹಿಂದಿನಿಂದ ಬಗ್ಗಿ ಉಫ್ ಎಂದು ಊದಿಬಿಟ್ಟ.

"ಬುದ್ಧಿ ಇದ್ಯಾ ನಿಂಗೆ? ಒಳಗೆ ನಿಮ್ಮಮ್ಮನ ಹೆಣ ಇದೆ. ಮೂರು ದಿನ ಈ ಮನೇಲಿ ಒಲೆ ಹಚ್ಚೋ ಹಾಗಿಲ್ಲ."

"ಮತ್ತೆ ಮಣ್ಣಿಗೆ ಬಂದೋರಿಗೆ ಏನು ಬಡಿಸ್ಲಿ ಮಾವ?"

"ನೀನ್ಯಾಕೆ ಬಡಿಸ್ತೀಯ? ಅಕ್ಕಪಕ್ಕದೋರು ಮಾಡ್ಕೊಂಡು ತರ್ತಾರೆ. ನೀನು ಕೂತ್ಕೊಂಡು ತಿನ್ನು. ನಮ್ಮಜ್ಜನ ಕಾಲದಿಂದ ನಡ್ಕೊಂಡು ಬಂದಿರೋದು."

"ತರ್ತಾರೆ, ಸರಿ. ಅದು ಹೊಸಿಲು ದಾಟೋದು ಹೇಗೆ?"

ಗುಡ್ಡದ ಮೇಲಿನ ಈ ತೋಟದ ಮನೆ ನಲವತ್ತೊಂದು ವರ್ಷದಿಂದ ಊಟದ ಮನೆಯೂ ಹೌದು, ಉಳಿಯುವವರಿಗೆ ತಂಗುಮನೆಯೂ ಹೌದು. ಆರು ಮೇಜು, ಮೂರು ಕೋಣೆ, ಒಂದೇ ಒಂದು ಕಟ್ಟಳೆ: ತಮ್ಮ ಮಣ್ಣಿನದಲ್ಲದ್ದು ಅಡುಗೆಮನೆಗೆ ಬರುವಂತಿಲ್ಲ. ಕಟ್ಟಳೆ ಮಾಡಿದ ಅರ್ಕಾಂಜೆಲಾ ಈಗ ಒಳಗಿನ ಕೋಣೆಯಲ್ಲಿ, ಬೆರಳುಗಳ ನಡುವೆ ಜಪಮಾಲೆ ಇಟ್ಟುಕೊಂಡು, ಜೀವಮಾನದಲ್ಲಿ ಮೊದಲ ಸಲ ಸುಮ್ಮನೆ ಮಲಗಿದ್ದಳು. ಐದು ದಿನದ ಹಿಂದೆ ಅದೇ ಮಂಚದ ಮೇಲೆ ಮಗಳ ಮಣಿಕಟ್ಟು ಹಿಡಿದು ಹೇಳಿದ್ದಳು: "ಇನ್ಮೇಲೆ ಮನೆ ನಿಂದು. ಹೊರಗಿನದು ಒಂದು ತುತ್ತೂ ಒಳಗೆ ಬರಕೂಡ್ದು. ಒಂದ್ಸಲ ಬಿಟ್ಯೋ, ಮುಗೀತು." ದೊನಾತಾ ಹೂಂ ಅಂದಿದ್ದಳು.

ಒಲೆ ಹಚ್ಚಿದರೆ ಊರಿನ ಪದ್ಧತಿ ಮುರಿಯಬೇಕು. ಹಚ್ಚದಿದ್ದರೆ ಅಮ್ಮನ ಮಾತು. ಯಜಮಾನಿಕೆಯ ಮೊದಲ ದಿನವೇ ಹೀಗೆ.

"ನೀನು ಸುಮ್ನೆ ತಲೆ ಕೆಡಿಸ್ಕೋತೀಯ," ಅಂದ ಕಾನ್ಯೊ. "ನಮ್ಮಕ್ಕನ ಮನೆಗೆ ಅಡುಗೆ ತರೋ ಎದೆಗಾರಿಕೆ ಯಾವಳಿಗಿದೆ? ಅಕ್ಕನೇ ಎದ್ದು ಬಂದು ಮುಚ್ಚಳ ತೆಗೆದು, ಉಪ್ಪು ಜಾಸ್ತಿ ಅಂತಾಳೆ."

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ದೊನಾತಾ ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡಳು.

*

ಬೇರೆ ಊಟದ ಮನೆಗಳ ಬಾಗಿಲಲ್ಲಿ ಏನೇನು ಇದೆ ಎಂದು ಬರೆದಿರುತ್ತಾರೆ. ಅರ್ಕಾಂಜೆಲಾ ಏನೇನು ಇಲ್ಲ ಎಂದು ಬರೆಯುತ್ತಿದ್ದಳು. ಬೆಳಿಗ್ಗೆ ತೋಟ ಸುತ್ತಿ ಬಂದು, ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ: ಟೊಮೆಟೊ ಇಲ್ಲ. ಬದನೆ ಇಲ್ಲ. ನಿಂಬೆ ಇಲ್ಲ. "ಇರೋದು ತಟ್ಟೇಲಿ ಕಾಣ್ಸುತ್ತೆ. ಇಲ್ಲದ್ದು ಮೊದ್ಲೇ ಹೇಳಿದ್ರೆ ಜಗಳ ಇಲ್ಲ," ಅನ್ನುತ್ತಿದ್ದಳು. ಆದರೂ ಜಗಳ ಬರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವವರ ನಡುವೆ, ಹಿತ್ತಲಲ್ಲಿಲ್ಲದ್ದು ಊಟವೇ ಅಲ್ಲ ಎಂದು ಕೂತವಳು ಅವಳು. ಊರು ಅವಳಿಗೆ ಇಲ್ಲಮ್ಮ ಎಂದು ಹೆಸರಿಟ್ಟಿತು. ಅವಳು ಅದನ್ನು ಪದಕದಂತೆ ಹಾಕಿಕೊಂಡು ತಿರುಗಿದಳು.

ಒಮ್ಮೆ ಫೆಬ್ರವರಿಯಲ್ಲಿ ರೋಮಿನ ಗಿರಾಕಿಯೊಬ್ಬ ಟೊಮೆಟೊಗಾಗಿ ಹಟ ಹಿಡಿದ. ಅರ್ಕಾಂಜೆಲಾ ಅವನ ತೋಳು ಹಿಡಿದು ಹಿಮ ಬಿದ್ದ ತೋಟಕ್ಕೆ ಕರೆದುಕೊಂಡು ಹೋದಳು.

"ಯಾವ ಗಿಡದಲ್ಲಿದೆ ತೋರ್ಸಿ. ನಾನೇ ಕಿತ್ಕೊಡ್ತೀನಿ."

"ಹಾಗಾದ್ರೆ ಉಪ್ಪು?" ಅಂದ ಅವನು, ಸಿಕ್ಕಿಬಿದ್ದಳೆಂಬ ಖುಷಿಯಲ್ಲಿ. "ಉಪ್ಪೂ ನಿಮ್ಮ ಹೊಲದಲ್ಲೇ ಬೆಳೆಯುತ್ತಾ?"

ಅವಳು ಬಗ್ಗಿ ಜೇಡಿಮಣ್ಣಿನಿಂದ ಕಪ್ಪೆಚಿಪ್ಪೊಂದನ್ನು ಕೆದಕಿ ತೆಗೆದು ಅವನ ಅಂಗೈಗಿಟ್ಟಳು. "ಒಂದು ಕಾಲಕ್ಕೆ ಸಮುದ್ರ ಈ ಗುಡ್ಡದ ಮೇಲೇ ಇತ್ತು. ಆಮೇಲೆ ಅದೇ ಬಿಟ್ಟು ಹೋಯ್ತು. ಉಪ್ಪು ನಮ್ದೇ."

ಆತ ಆ ಸಂಜೆ ಕಡಲೆ ಹಾಕಿದ ಅಗಲ ಪಾಸ್ತಾದ ಮೂರು ತಟ್ಟೆ ತಿಂದ.

ದೊನಾತಾಳಿಗೆ ಮರೆಯದೆ ಉಳಿದದ್ದು ಮಾತ್ರ ಬೇರೆ ದಿನ. ಅವಳಿಗಾಗ ಹತ್ತು ವರ್ಷ. ಕೆಳಗಿನ ಮನೆಯ ತೆಯೊದೋರಾ ಗಂಡನನ್ನು ಕಳೆದುಕೊಂಡ ವರ್ಷ ಅದು. ಬಾಗಿಲಿಗೆ ಬಂದು ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯನ್ನು ಸೆರಗಿನಂತೆ ಒಡ್ಡಿ, ಒಂದು ಬಟ್ಟಲು ಕರಿಕಡಲೆ ಕೇಳಿದಳು.

"ಕಾಳು ಇಲ್ಲ," ಅಂದಳು ಅಮ್ಮ. "ಬೀಜ ಇದೆ."

"ಎರಡೂ ಒಂದೇ ಅಲ್ವೇನೇ?"

"ಅಲ್ಲ. ಕಾಳು ಬೇಯ್ಸ್ಕೊಂಡು ತಿಂದ್ರೆ ನಾಳೆ ಮತ್ತೆ ಬರ್ತೀಯ. ಬೀಜ ಬಿತ್ತಿದ್ರೆ ಬರಲ್ಲ." ಹೀಗೆಂದು ಎರಡು ಬೊಗಸೆ ಹಾಕಿದಳು. ಆ ರಾತ್ರಿಯ ಊಟಕ್ಕೆ ಬೇರೆ ಒಂದು ಬಿಸಿ ಪಾತ್ರೆಯನ್ನೂ ಕಳಿಸಿದಳು, ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ಅದು ತಿಳಿಯದೆ, ಕೇಳಿದವಳಿಗೆ ಕಾಳು ಇಲ್ಲ ಅಂದ ಅಮ್ಮನ ಜಿಪುಣತನಕ್ಕೆ ನಾಚಿ ಹಾಸಿಗೆಯಲ್ಲಿ ಅತ್ತಿದ್ದಳು ದೊನಾತಾ.

*

ಬಸ್ಸು ನಿಲ್ಲುವಲ್ಲಿಂದ ಚರ್ಚಿನವರೆಗೆ ಗೋಡೆಗಳಿಗೆ ಸಾವಿನ ಸುದ್ದಿಯ ಕಪ್ಪಂಚಿನ ಹಾಳೆ ಅಂಟಿಸಿದ್ದರು. ಹೆಸರಿನ ಕೆಳಗೆ 'ಇಲ್ಲಮ್ಮ' ಎಂದೂ ಅಚ್ಚು ಹಾಕಿಸಿದ್ದ ಕಾನ್ಯೊ. ಹಾಕಿಸದಿದ್ದರೆ ಸತ್ತದ್ದು ಯಾರೆಂದು ಅರ್ಧ ಊರಿಗೆ ಗೊತ್ತಾಗುತ್ತಿರಲಿಲ್ಲ. ಬಾರಿ ನಗರದಿಂದ, ನೇಪಲ್ಸ್‌ನಿಂದಲೂ ಜನ ಬಂದಿದ್ದರು, ಪೇಟೆಯ ಬೂಟು ಕೆಸರು ಮಾಡಿಕೊಂಡು.

"ನಂಗೆ ಇಪ್ಪತ್ತು ವರ್ಷದ ಹಿಂದೆ ನಿಂಬೆ ಇಲ್ಲ ಅಂದಿದ್ರು," ಅಂದ ಒಬ್ಬ.

"ನಿಂಬೆ ತಾನೆ? ನಂಗೆ ಕಾಫೀನೇ ಇಲ್ಲ ಅಂದ್ರು! ಬಾರ್ಲಿ ಹುರಿದು ಕುದಿಸಿ ಕೊಟ್ರು. ಕುಡಿದೆ, ಏನ್ಮಾಡ್ಲಿ."

ತನಗೆ ಸಿಕ್ಕ 'ಇಲ್ಲ'ವೇ ದೊಡ್ಡದು ಎಂದು ಪ್ರತಿಯೊಬ್ಬರೂ ಹೇಳಿಕೊಳ್ಳುತ್ತಿದ್ದರು. ಶವದ ಪೆಟ್ಟಿಗೆ ಚರ್ಚಿನ ಮೆಟ್ಟಿಲಿಳಿಯುವಾಗ, ಆ ಸೀಮೆಯ ರೂಢಿಯಂತೆ, ಗೌರವದ ಚಪ್ಪಾಳೆ ಎದ್ದಿತು. ದೊನಾತಾ ತಲೆಯೆತ್ತಿ ನಡೆದಳು. ಹೆಮ್ಮೆಯಿಂದ ಅವಳ ಎದೆ ತುಂಬಿತ್ತು, ಆದರೂ ಊರವರು ತರುವ ಪಾತ್ರೆಗಳನ್ನು ಹೊಸಿಲಲ್ಲಿ ಏನು ಮಾಡಲಿ ಎಂಬುದೊಂದೇ ಯೋಚನೆ.

ಮಣ್ಣು ಮುಗಿಸಿ ಮನೆಗೆ ಬಂದರೆ, ಗೇಟಿನ ಹೊರಗೆ ಊರ ಹೆಂಗಸರೆಲ್ಲ ಬಟ್ಟೆ ಮುಚ್ಚಿದ ಪಾತ್ರೆ ಹಿಡಿದು ನಿಂತಿದ್ದರು. ಒಬ್ಬರೂ ಒಳಗೆ ಕಾಲಿಟ್ಟಿರಲಿಲ್ಲ.

"ನೀನು ಮೊದ್ಲು ಹೋಗೆ."

"ನಾನ್ಯಾಕೆ? ಹೋದ್ವರ್ಷ ನನ್ನ ಕಡುಬು ನೋಡಿ, ಇದನ್ನ ಗೋಡೆಗೆ ಮೆತ್ತು ಅಂದಿದ್ಲು."

ಕೊನೆಗೆ ಮುದುಕಿ ತೆಯೊದೋರಾ ಕೋಲೂರಿಕೊಂಡು ಹೊಸಿಲಿನ ಬಳಿ ಬಂದಳು. ಹಿಂದೆ ಮೊಮ್ಮಗಳು ಪಾತ್ರೆ ಹಿಡಿದಿದ್ದಳು. ದೊನಾತಾ ಬಾಗಿಲಿಗೆ ಅಡ್ಡ ನಿಂತಳು.

"ಅತ್ತೆ, ತಪ್ಪು ತಿಳ್ಕೋಬೇಡಿ. ಅಮ್ಮಂಗೆ ಮಾತು ಕೊಟ್ಟಿದ್ದೀನಿ. ಹೊರಗಿನದು..."

"ಗೊತ್ತು ಕಣೆ. ಅದಕ್ಕೇ ಎರಡು ದಿನದಿಂದ ಊರೆಲ್ಲ ಉಗ್ರಾಣ ಹುಡುಕಿದ್ದು." ಮುದುಕಿ ಬಟ್ಟೆ ಸರಿಸಿದಳು. ಅಗಲ ಪಾಸ್ತಾದ ನಡುವೆ ಕರಿಕಡಲೆ ಹೊಳೆಯುತ್ತಿತ್ತು. "ಯಾವುದು ಹೇಳು ಇದು? ಅವತ್ತು ಕೊಟ್ಟ ಎರಡು ಬೊಗಸೆ. ಮೂವತ್ತೇಳು ವರ್ಷ ಬಿತ್ತಿದ್ದೀನಿ, ಒಂದು ವರ್ಷಾನೂ ಬೀಜ ಬದಲಾಯಿಸಿಲ್ಲ. ಇದು ಹೊರಗಿನದಾ?"

ದೊನಾತಾ ಒಂದು ಕಾಳು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಹಿಂದಿನವರಿಗೆ ಧೈರ್ಯ ಬಂತು. "ನನ್ನ ರೊಟ್ಟಿಗೆ ಹೆಪ್ಪು ಹಾಕೋ ಹುಳಿಹಿಟ್ಟು ನಿಮ್ಮಮ್ಮ ನನ್ನ ಮದುವೆಗೆ ಕೊಟ್ಟಿದ್ದು, ಇನ್ನೂ ಸತ್ತಿಲ್ಲ!" ಎಂದು ಒಬ್ಬಳು ಕೂಗಿದಳು. ಕುರಿಗಾಹಿಯೊಬ್ಬ ಕುರಿಹಾಲಿನ ಚೀಸಿನ ದುಂಡನೆಯ ಮುದ್ದೆ ಎತ್ತಿ ತೋರಿಸಿದ. ಅವನ ಕುರಿಗಳ ಮುತ್ತಜ್ಜಿ ಈ ಕೊಟ್ಟಿಗೆಯದಂತೆ. ಒಣಗಿದ ಸಿಹಿಮೆಣಸಿನಕಾಯಿಯ ಸರ ಬಂತು. ಯಾರದೋ ಕೈಯಲ್ಲಿ ಹುರುಳಿ ಗಾತ್ರದ ಬೀನ್ಸು, ಇನ್ಯಾರದೋ ಕೈಯಲ್ಲಿ ಬಿಸಿ ಬಾರ್ಲಿ ಕಷಾಯ. ಊರಿಗೆಲ್ಲ ಇಲ್ಲ ಎನ್ನುತ್ತಲೇ ಅಮ್ಮ ಊರನ್ನೆಲ್ಲ ಬಿತ್ತಿ ಹೋಗಿದ್ದಳು. ಜಿಪುಣಿ ಎಂದು ಅತ್ತಿದ್ದ ಹತ್ತು ವರ್ಷದ ಹುಡುಗಿಯನ್ನು ನೆನೆದು ದೊನಾತಾ ಈಗ ಎಲ್ಲರೆದುರು ಬಿಕ್ಕಿ ಅತ್ತಳು.

"ಬನ್ನಿ ಒಳಗೆ. ನಮ್ದೇ ಇದು. ಎಲ್ಲಾ ನಮ್ದೇ."

ಕೊನೆಯಲ್ಲಿ, ವರ್ಗವಾಗಿ ಬಂದು ವರ್ಷವೂ ಆಗಿರದ ಪಾದ್ರಿ ಸವೇರಿಯೊ, ಸಾವಿನ ಮನೆಗೆ ಒಯ್ಯುವ ಪದ್ಧತಿಯಂತೆ ಅಂಗಡಿಯಿಂದ ಕಾಫಿಪುಡಿ, ಸಕ್ಕರೆಯ ಪೊಟ್ಟಣ ಹಿಡಿದು ಬಂದರು. ಎಲ್ಲರೂ ದೊನಾತಾಳತ್ತ ತಿರುಗಿದರು.

ದೊನಾತಾ ಕಣ್ಣೊರೆಸಿಕೊಂಡಳು. "ಕಾಫಿ ಇಲ್ಲ ಫಾದರ್," ಎಂದಳು. "ಬಾರ್ಲಿ ಇದೆ. ಕೂತ್ಕೊಳ್ಳಿ."

ಅಮ್ಮನದೇ ದನಿ, ಅದೇ ಗಡಸು. ಪಾದ್ರಿ ಪೊಟ್ಟಣಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕೂತುಬಿಟ್ಟರು.

"ಬಂದ್ಲಪ್ಪಾ ಇಲ್ಲಮ್ಮ," ಅಂದ ಕಾನ್ಯೊ. ಮನೆಯಿಡೀ ನಗುವಿನಲ್ಲಿ ಅದುರಿತು.

ಊಟದ ಮಧ್ಯೆ ಗೇಟಿನ ಬಳಿ ಕಾರೊಂದು ನಿಂತಿತು. ಸುದ್ದಿ ತಿಳಿಯದೆ, ತಿಂಗಳ ಹಿಂದೆಯೇ ಮೇಜು ಹೇಳಿಟ್ಟಿದ್ದ ಗಂಡಹೆಂಡಿರು. ಕಪ್ಪು ಬಟ್ಟೆಯವರನ್ನು ಕಂಡು ಗಾಬರಿಯಾದರು.

"ಇವತ್ತು... ಊಟ ಇಲ್ವಾ?" ಎಂದಳು ಹೆಂಡತಿ.

ಹೊರಬಂದ ದೊನಾತಾ ಗೇಟಿನ ಹಲಗೆಯತ್ತ ತಿರುಗಿದಳು. ಅಮ್ಮ ಹೋದ ವಾರ ಬರೆದದ್ದು ಹಾಗೇ ಇತ್ತು: ಟೊಮೆಟೊ ಇಲ್ಲ. ನಿಂಬೆ ಇಲ್ಲ. ಕಾಫಿ ಇಲ್ಲ, ಕೇಳಬೇಡಿ. ಅವಳು ಒಂದಕ್ಷರವನ್ನೂ ಅಳಿಸಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಅದರ ಕೆಳಗೆ ಬರೆದಳು:

ಅರ್ಕಾಂಜೆಲಾ ಇಲ್ಲ.

ಆಮೇಲೆ ಇನ್ನೊಂದು ಸಾಲು ಸೇರಿಸಿ, ಗೇಟಿನ ಎರಡೂ ಬಾಗಿಲನ್ನು ಪೂರ್ತಿ ತೆರೆದಳು:

ಮಿಕ್ಕಿದ್ದೆಲ್ಲ ಇದೆ.