ಐದು, ಆರು

"ಅಂಗಿ ಬಿಚ್ಚಿರಿ" ಎಂದು ಪದ್ಮಾ ಎರಡನೆಯ ಸಲ ಹೇಳಿದಳು. ದುರ್ಗಾಪ್ರಸಾದ್ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಬೀದಿಯ ತುದಿಯ ಸೈಕಲ್ ಅಂಗಡಿಗೆ ಬೆಂಕಿ ಬಿದ್ದಿತ್ತು. ಟೈರಿನ ಕಪ್ಪು ಹೊಗೆ ವಿದ್ಯುತ್ ತಂತಿಗಳ ಮಟ್ಟಕ್ಕೆ ಏರಿ ಅಲ್ಲೇ ನಿಂತಿತ್ತು. ಅವನ ಖಾಕಿ ಅಂಗಿಯ ಜೇಬಿನ ಮೇಲೆ 'ದುರ್ಗಾ ರೇಡಿಯೋಸ್' ಎಂದು ಕೆಂಪು ದಾರದ ಕಸೂತಿ. ಪದ್ಮಾ ತಾನೇ ಮುಂದೆ ಬಂದು ಅವನ ತೋಳು ಹಿಡಿದು ತಿರುಗಿಸಿ, ಗಂಡನ ಬನಿಯನ್, ಪಂಚೆಗಳನ್ನು ಕೈಗೆ ತುರುಕಿ ಬಚ್ಚಲಿನ ಕಡೆಗೆ ತಳ್ಳಿದಳು.

ಒಂದೂವರೆ ವರ್ಷದ ಹಿಂದೆ ಬಡ್ತಿಯ ಮೇಲೆ ಧಾರವಾಡದಿಂದ ವಿಜಯವಾಡದ ಬ್ಯಾಂಕಿಗೆ ಬಂದವಳು ಅವಳು. ಗಂಡ ವೆಂಕಟರಮಣ ವಿಶಾಖಪಟ್ಟಣ ಬಂದರಿನಲ್ಲಿ ಹಡಗು ಏಜೆಂಟರ ಕಚೇರಿಯಲ್ಲಿದ್ದ. ತಿಂಗಳಿಗೊಮ್ಮೆ ರೈಲು ಹತ್ತಿ ಬರುತ್ತಿದ್ದ. ಹನ್ನೆರಡು ವರ್ಷದ ಮಗಳು ಹೈಮಾವತಿ ತಾಯಿಯ ಜೊತೆಗಿದ್ದಳು. ಮನೆ ದುರ್ಗಾಪ್ರಸಾದನದು. ಮೇಲಿನ ಮಹಡಿ ಇವರಿಗೆ ಬಾಡಿಗೆ. ಕೆಳಗೆ ರೇಡಿಯೋ, ಟೀವಿ ರಿಪೇರಿ ಅಂಗಡಿ, ಅದರ ಹಿಂದೆ ಅವನ ಮತ್ತು ತಮ್ಮ ಜಗನ್ಮೋಹನನ ಸಂಸಾರ. ಇಬ್ಬರ ಹೆಂಡತಿಯರೂ ಮದುವೆಗೆಂದು ಗನ್ನವರಂಗೆ ಹೋಗಿದ್ದರು.

ಹಿಂದಿನ ದಿನ ಊರಿನ ಮುಖಂಡನೊಬ್ಬನನ್ನು ಕಡಿದು ಹಾಕಿದ್ದರು. ಕೊಂದವರು ಇಂಥ ಕುಲದವರು ಎಂಬ ಮಾತು ಬೆಳಗಾಗುವುದರೊಳಗೆ ಊರೆಲ್ಲ ಹರಡಿತ್ತು. ದುರ್ಗಾಪ್ರಸಾದನದೂ ಅದೇ ಕುಲ. ಬೆಂಕಿ ಹಚ್ಚುತ್ತ ಬರುತ್ತಿದ್ದ ಗುಂಪಿನವರು ಬೇರೆ ಪೇಟೆಯವರು. ಅವರಿಗೆ ಮುಖಗಳ ಪರಿಚಯವಿರಲಿಲ್ಲ, ಬೋರ್ಡಿನ ಮೇಲಿನ ಹೆಸರುಗಳು ಗೊತ್ತಿದ್ದವು. ಶಟರ್ ಎಳೆದು ಬರುತ್ತೇನೆ ಎಂದು ಜಗನ್ಮೋಹನ ಕೆಳಗಿಳಿದು ಹೋಗಿದ್ದ.

ಶಟರ್ ಅರ್ಧ ಇಳಿದ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಓಡುವ ಹೆಜ್ಜೆಗಳು. ಪದ್ಮಾ ಆಗಲೇ ಬಾಗಿಲಿಗೆ ಅಗುಳಿ ಹಾಕಿದ್ದಳು.

"ಅಕ್ಕಾ" ಎಂದು ಜಗನ್ಮೋಹನ ತಟ್ಟಿದ. ಮೂರು ಸಲ ತಟ್ಟಿದ. ಪದ್ಮಾಳ ಕೈ ಅಗುಳಿಯ ಮೇಲಿತ್ತು. ಅವನ ಬೆನ್ನ ಹಿಂದೆಯೇ ಹತ್ತುತ್ತಿದ್ದ ಇನ್ನಷ್ಟು ಕಾಲುಗಳ ಸದ್ದು ಅವಳಿಗೆ ಕೇಳಿಸಿತು. ಬೆನ್ನಿಗೆ ಮಗಳು ಅಂಟಿಕೊಂಡು ನಿಂತಿದ್ದಳು. ಅಗುಳಿ ಸರಿಸಲು ಒಂದು ಕ್ಷಣ ಸಾಕಾಗಿತ್ತು. ಅವಳು ಸರಿಸಲಿಲ್ಲ. ಹೊರಗೆ ಮೈ ಬಾಗಿಲಿಗೆ ಬಡಿಯಿತು, ಉಗುರು ಮರವನ್ನು ಕೆರೆಯಿತು, ಏನೋ ಭಾರವಾದದ್ದು ಮೆಟ್ಟಿಲ ಮೇಲೆ ಉರುಳುತ್ತ ಇಳಿದು ಹೋಯಿತು, ಕಾಲುಗಳೂ ಅದರ ಹಿಂದೆಯೇ ಇಳಿದವು.

ಬಚ್ಚಲಿನಿಂದ ದುರ್ಗಾಪ್ರಸಾದ್ ಬನಿಯನ್, ಪಂಚೆಯಲ್ಲಿ ಹೊರಬಂದ. ಪದ್ಮಾ ಅವನು ಬಿಚ್ಚಿದ ಖಾಕಿ ಅಂಗಿಯನ್ನು ನೆನೆಹಾಕಿದ ಬಟ್ಟೆಗಳ ಅಡಿಗೆ ತುರುಕಿ, ಅವನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು. "ನೀವು ನಮ್ಮ ಅಣ್ಣ. ಹುಬ್ಬಳ್ಳಿಯಿಂದ ಬಂದಿದ್ದೀರಿ. ನಿಮಗೆ ತೆಲುಗು ಬರುವುದಿಲ್ಲ" ಎಂದು ತೆಲುಗಿನಲ್ಲೇ ಹೇಳಿ, ಮಗಳ ಕಡೆ ತಿರುಗಿದಳು. "ಹೈಮಾ, ಆ ರೋಬೋ ಇಸ್ಪೀಟು ತಗೊಂಡು ಬಾ. ಇವರ ಜೋಡಿ ಕೂತು ಆಡು. ತೆಲುಗಿನಾಗ ಬಾಬಾಯಿ ಅನ್ನಬ್ಯಾಡ, ಮಾಮಾ ಅನ್ನು. ಕನ್ನಡದಾಗ ಆಡು."

"ಅವರಿಗೆ ಕನ್ನಡ ಬರಂಗಿಲ್ಲಲ್ಲಾ" ಎಂದಳು ಹುಡುಗಿ.

"ಗೊತ್ತದ. ಕೂಡು."

ಆ ಎಲೆಗಳನ್ನು ಯಾವುದೋ ಹಡಗಿನ ಎಂಜಿನಿಯರ್ ವೆಂಕಟರಮಣನಿಗೆ ಕೊಟ್ಟಿದ್ದ. ಒಂದೊಂದು ಎಲೆಯ ಮೇಲೆ ಒಂದೊಂದು ಯಂತ್ರಮಾನವ. ಗರಗಸದ ಕೈಯವನು, ಬೆಂಕಿ ಉಗುಳುವವನು, ಚಕ್ರದ ಕಾಲಿನವನು. ಮೂಲೆಯಲ್ಲಿ ಎರಡರಿಂದ ಹತ್ತರವರೆಗೆ ಅವನ ಬಲದ ಅಂಕಿ. ಇಬ್ಬರೂ ಒಟ್ಟಿಗೆ ಒಂದೊಂದು ಎಲೆ ಮಗುಚಬೇಕು. ದೊಡ್ಡ ಅಂಕಿಯನ್ನು ಮೊದಲು ಕೂಗಿದವರಿಗೆ ಎರಡೂ ಎಲೆ. ಐದು ನಿಮಿಷಕ್ಕೆ ಆಟ ಮುಗಿಯುತ್ತಿತ್ತು. ಭಾನುವಾರಗಳಲ್ಲಿ ದುರ್ಗಾಪ್ರಸಾದ್ ಮೇಲೆ ಬಂದು ಹೈಮಾವತಿಯ ಜೊತೆ ಹತ್ತಾಟ ಆಡಿ, ಎಂಟರಲ್ಲಿ ಸೋತು ಹೋಗುತ್ತಿದ್ದ. ಆಡುತ್ತಿದ್ದುದು ತೆಲುಗಿನಲ್ಲಿ.

ಹುಡುಗಿ ಎಲೆ ಹಂಚುತ್ತ ಅವನ ಕಡೆ ಬಗ್ಗಿ ತೆಲುಗಿನಲ್ಲಿ ಪಿಸುಗುಟ್ಟಿದಳು: "ಐದು, ಆರು. ಎರಡು ಭಾಷೆಗೂ ಒಂದೇ. ಅವೆರಡನ್ನೇ ನೀವು ಕೂಗಿ. ಉಳಿದದ್ದು ನಾನು ಕೂಗ್ತೀನಿ."

ಬಾಗಿಲಿಗೆ ಕಬ್ಬಿಣದ ಪೆಟ್ಟು ಬಿತ್ತು. ಪದ್ಮಾ ತಡಮಾಡದೆ ತೆರೆದಳು.

ಮೂವರು ಒಳಗೆ ಬಂದರು. ಮುಂದಿನವನ ಕೈಯಲ್ಲಿ ಮಾರುದ್ದದ ಸರಳು. ಅದರ ತುದಿಗೆ ಕೂದಲು ಅಂಟಿತ್ತು. ಅವನ ಬೆರಳ ಗೆಣ್ಣುಗಳ ಚರ್ಮ ಸುಲಿದಿತ್ತು. ಇಬ್ಬರು ಅಡಿಗೆಮನೆಗೂ ಬಚ್ಚಲಿಗೂ ನುಗ್ಗಿದರು. ಸ್ಟವ್ ಬಿದ್ದ ಸದ್ದು, ಗಾಜು ಒಡೆದ ಸದ್ದು. ಕೆಳಗೆ ಅಂಗಡಿಯಲ್ಲಿ ಟೀವಿಯ ಪಿಕ್ಚರ್ ಟ್ಯೂಬುಗಳು ಒಂದಾದ ಮೇಲೊಂದು ಸಿಡಿಯುತ್ತಿದ್ದವು. ಅವುಗಳ ನಡುವೆ ಮನುಷ್ಯನ ಮೈಮೇಲೆ ಬೀಳುವ ಪೆಟ್ಟಿನ ಮಂದ ಸದ್ದು ಬೇರೆಯಾಗಿಯೇ ಕೇಳುತ್ತಿತ್ತು.

"ನೀವು ಯಾರು?" ಎಂದು ಸರಳಿನವನು ಕೇಳಿದ.

"ಬ್ಯಾಂಕಿನವರು. ಕರ್ನಾಟಕದವರು. ಬಾಡಿಗೆಗೆ ಇದ್ದೇವೆ."

"ಈತ?"

"ನಮ್ಮ ಅಣ್ಣ. ಊರಿಂದ ಬಂದಿದ್ದಾರೆ."

"ಕೆಳಗಿನವನು ನಿಮ್ಮ ಬಾಗಿಲು ಯಾಕೆ ತಟ್ಟಿದ?"

ಪದ್ಮಾ ದುರ್ಗಾಪ್ರಸಾದನ ಕಡೆ ನೋಡಲಿಲ್ಲ. "ಒಳಗೆ ಬರಲು ತಟ್ಟಿದ. ನಾನು ತೆರೆಯಲಿಲ್ಲ" ಎಂದಳು.

ಸರಳಿನವನು ಅವಳ ಮುಖವನ್ನೇ ನೋಡಿದ. ಆ ಮಾತನ್ನು ಅವನು ನಂಬಿದ. ಚಾಪೆಯ ಮೇಲೆ ಕೂತಿದ್ದ ದುರ್ಗಾಪ್ರಸಾದನ ಕೈ ಎಲೆಯ ಮೇಲೆ ಹಾಗೇ ನಿಂತಿತು.

"ಹಾಕು ಮಾಮಾ" ಎಂದಳು ಹೈಮಾವತಿ.

ಅವನು ಹಾಕಿದ. "ಒಂಬತ್ತು" ಎಂದು ಅವಳು ಎರಡೂ ಎಲೆ ಎಳೆದುಕೊಂಡಳು. "ಎಂಟು." ಮತ್ತೆ ಎಳೆದುಕೊಂಡಳು. ಮುಂದಿನ ಜೋಡಿ ಆರು, ಮೂರು. ಹುಡುಗಿ ಬಾಯಿ ತೆರೆಯಲಿಲ್ಲ.

"ಆರು" ಎಂದ ದುರ್ಗಾಪ್ರಸಾದ್.

ಸರಳಿನವನು ಕುಕ್ಕರಗಾಲಲ್ಲಿ ಅವರ ಪಕ್ಕದಲ್ಲೇ ಕೂತ. ಬೆವರಿನ, ಸೀಮೆಎಣ್ಣೆಯ ವಾಸನೆ ಬಂತು. "ಹತ್ತು" ಎಂದಳು ಹುಡುಗಿ. "ಏಳು." ಅವಳ ದನಿ ಏರುತ್ತ ಹೋಯಿತು, ದುರ್ಗಾಪ್ರಸಾದ್ ಉಸಿರೆಳೆಯುವ ಮೊದಲೇ ಅವಳು ಕೂಗುತ್ತಿದ್ದಳು. "ಐದು" ಎಂದು ಒಮ್ಮೆ ಅವನು ಹೇಳಿದ. ಆಗ ಕೆಳಗಿನಿಂದ ಜಗನ್ಮೋಹನನ ಕೂಗು ಬಂತು. ಅದರಲ್ಲಿ ಯಾವ ಮಾತೂ ಇರಲಿಲ್ಲ. ದೀರ್ಘವಾಗಿ ಎದ್ದು, ನಡುವೆ ಕತ್ತರಿಸಿದಂತೆ ನಿಂತಿತು.

ದುರ್ಗಾಪ್ರಸಾದನ ತುಟಿಗಳು ಬಿಟ್ಟುಕೊಂಡವು. ಸರಳಿನವನು ಅವನ ಕೂದಲು ಹಿಡಿದು ಮುಖ ಮೇಲಕ್ಕೆತ್ತಿದ. "ಯಾಕೆ ನಡುಗುತ್ತಿದ್ದಾನೆ? ಇವನ ಬಾಯಲ್ಲಿ ಮಾತಿಲ್ಲವೇ?"

"ಆರು" ಎಂದ ದುರ್ಗಾಪ್ರಸಾದ್. ಚಾಪೆಯ ಮೇಲಿದ್ದುದು ಎರಡು ಮತ್ತು ನಾಲ್ಕು. "ಆರು, ಆರು" ಎಂದ ಮತ್ತೆ.

ಹೈಮಾವತಿ ಮೊಣಕಾಲ ಮೇಲೆದ್ದು ಅವನ ಕೆನ್ನೆಗೆ ಬಾರಿಸಿದಳು. ಇಡೀ ಕೈ ಬೀಸಿ ಹೊಡೆದ ಪೆಟ್ಟು. "ಸುಳ್ಳು ಹೇಳಬ್ಯಾಡ ಮಾಮಾ. ನಾಲ್ಕು ಅದ ಅದು. ದಿನಾ ಹಿಂಗ ಮೋಸ ಮಾಡ್ತಿ." ಎಲೆಗಳನ್ನು ಬಾಚಿಕೊಂಡು, ಸರಳಿನವನಿಗೆ ಅಚ್ಚ ತೆಲುಗಿನಲ್ಲಿ ಹೇಳಿದಳು: "ಇವರಿಗೆ ತಲೆ ಸರಿಯಿಲ್ಲ. ಗಲಾಟೆ ಅಂದ್ರೆ ಹೆದರ್ತಾರೆ."

ಅಡಿಗೆಮನೆಯಿಂದ ಬಂದ ಇಬ್ಬರಲ್ಲಿ ಒಬ್ಬ ನಕ್ಕ. ಸರಳಿನವನು ಕೂದಲು ಬಿಟ್ಟು ಎದ್ದ. ಹೋಗುವ ಮುನ್ನ ಸುಮ್ಮನೆ, ಕಾರಣವಿಲ್ಲದೆ, ದುರ್ಗಾಪ್ರಸಾದನ ಎಡಗೈಯ ಮೇಲೆ ಸರಳನ್ನು ಇಳಿಸಿದ. ಎರಡು ಬೆರಳು ಮುರಿದ ಸದ್ದು ಪದ್ಮಾಗೂ ಕೇಳಿಸಿತು. ದುರ್ಗಾಪ್ರಸಾದ್ ಕೂಗಲಿಲ್ಲ. ಬಲಗೈಯಿಂದ ಇನ್ನೊಂದು ಎಲೆ ಮಗುಚಿದ.

ಅವರು ಹೋದ ಮೇಲೂ ಇಬ್ಬರೂ ಆಡುತ್ತಲೇ ಇದ್ದರು. ನಿಲ್ಲಿಸಲು ಪದ್ಮಾ ಎಲೆಗಳನ್ನು ಕಾಲಿನಿಂದ ಚದುರಿಸಬೇಕಾಯಿತು.

ಜಗನ್ಮೋಹನ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಪೊಲೀಸರ ವ್ಯಾನು ಬರುವ ಹೊತ್ತಿಗೆ ಅವನಲ್ಲಿ ಉಸಿರಿರಲಿಲ್ಲ. ಕರ್ಫ್ಯೂ ಸಡಿಲಿಸಿದ ದಿನ ಅವನ ಹೆಂಡತಿ ರಾಜ್ಯಲಕ್ಷ್ಮಿ ಗನ್ನವರಂನಿಂದ ಬಂದಳು. ಬಾಗಿಲು ತೆರೆಯದವಳು ಯಾರೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಮೇಲೆ ಹತ್ತಿ ಬಂದು, ಪದ್ಮಾಳ ಸೆರಗು ಹಿಡಿದು ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿದಳು. ಪದ್ಮಾ ಕೈ ಎತ್ತಲಿಲ್ಲ. ಅಂಗಳದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ದುರ್ಗಾಪ್ರಸಾದ್ ಮೇಲೆ ನೋಡಿದ, ಎದ್ದು ಬರಲಿಲ್ಲ. ಹೈಮಾವತಿಯೇ ಇಬ್ಬರನ್ನೂ ಬಿಡಿಸಿದಳು. ವಾರದೊಳಗೆ ಪದ್ಮಾ ಮನೆ ಖಾಲಿ ಮಾಡಿದಳು. ಮೂರು ತಿಂಗಳಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು.

ದುರ್ಗಾಪ್ರಸಾದ್ ಅಲ್ಲಿನ ಎಂವಿಪಿ ಕಾಲೋನಿಯ ಅವರ ಮನೆ ಹುಡುಕಿಕೊಂಡು ಬಂದದ್ದು ನಾಲ್ಕು ವರ್ಷಗಳ ಮೇಲೆ, ಒಂದು ರಜೆಯ ಬೆಳಿಗ್ಗೆ. ವೆಂಕಟರಮಣ ಬಂದರಿಗೆ ಹೋಗಿದ್ದ. ಹೈಮಾವತಿ ಕೋಚಿಂಗ್ ಕ್ಲಾಸಿನಲ್ಲಿದ್ದಳು. ಅವನು ಚಪ್ಪಲಿ ಬಿಟ್ಟು, ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತ. ಎಡಗೈಯ ಎರಡು ಬೆರಳು ಒಳಕ್ಕೆ ಬಾಗಿದ್ದವು.

"ರಾಜ್ಯಲಕ್ಷ್ಮಿಗೆ ಮತ್ತೆ ಮದುವೆಯಾಯಿತು" ಎಂದ. "ನಿನ್ನೆ ಅವಳಿಗೆ ಒಂದು ವಿಷಯ ಹೇಳಿದೆ. ಈಗ ಅದನ್ನೇ ನಿಮಗೂ ಹೇಳಬೇಕು, ಪದ್ಮಗಾರು."

"ಕೂತ್ಕೊಂಡು ಮಾತಾಡಿ."

"ಬೇಡ. ಜಗನ್ ಬಾಗಿಲು ತಟ್ಟಿದಾಗ ನಾನು ಬಚ್ಚಲಲ್ಲಿದ್ದೆ. ನನಗೂ ಕೇಳಿಸಿತು. ಮೂರು ಸಲವೂ. ನಿಮ್ಮನ್ನು ದೂಡಿ ಅಗುಳಿ ತೆಗೆಯಬಹುದಿತ್ತು. ನಾನು ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡೆ." ಅವನು ಬಾಗಿದ ಬೆರಳುಗಳನ್ನು ಬಲಗೈಯಲ್ಲಿ ಮುಚ್ಚಿಕೊಂಡ. "ಆಮೇಲೆ ಊರೆಲ್ಲ ನಿಮ್ಮನ್ನು ಬೈದರು. ಬೈಯಲಿ ಅಂತ ಬಿಟ್ಟೆ."

ಅವನು ಉತ್ತರಕ್ಕೆ ಕಾಯಲಿಲ್ಲ. ಕೈಮುಗಿದು, ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದ.

ಪದ್ಮಾ ಬಾಲ್ಕನಿಯಿಂದ ನೋಡಿದಾಗ ಅವನು ಎದುರಿನ ಬಸ್ ನಿಲ್ದಾಣದಲ್ಲಿ ಬಾದಾಮಿ ಮರದ ಕೆಳಗೆ ನಿಂತಿದ್ದ. ರೈಲ್ವೆ ಸ್ಟೇಷನ್ನಿಗೆ ಹೋಗುವ ಬಸ್ಸು ಬಂತು. ಅವನು ಹತ್ತಲಿಲ್ಲ. ಇನ್ನೊಂದು ಬಂತು, ಕಂಡಕ್ಟರ್ ಕೈಬೀಸಿ ಕರೆದು, ಸೀಟಿ ಊದಿ ಹೋದ. ಪದ್ಮಾ ಮನೆಗೆ ಬೀಗ ಹಾಕಿ ಕೆಳಗಿಳಿದಳು. ಬಿಸಿಲಿನಲ್ಲಿ ರಸ್ತೆ ದಾಟಿ ಅವನ ಪಕ್ಕದಲ್ಲಿ ಹೋಗಿ ನಿಂತಳು. ಅವನು ಅವಳ ಕಡೆ ನೋಡದೆಯೇ ಒಂದು ಹೆಜ್ಜೆ ಸರಿದು, ನೆರಳಿನಲ್ಲಿ ಜಾಗ ಬಿಟ್ಟ.